ಸರ್ವರ್‌ಗೆ ಯಾವ ಓಎಸ್? ಡೆಬಿಯನ್, ಉಬುಂಟು, ಆಲ್ಮಾ, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ: ನೋಡಿಕೊಳ್ಳುವವರಿಗೆ ಒಂದು ಹೋಲಿಕೆ

ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಅದಾದ ಮೇಲೆ ಐದಾರು ವರ್ಷ ಆ ಯಂತ್ರವನ್ನು ಯಾರೋ ಒಬ್ಬರು ನೋಡಿಕೊಳ್ಳಬೇಕು. ಓಎಸ್ (ಆಪರೇಟಿಂಗ್ ಸಿಸ್ಟಮ್) ಹೋಲಿಕೆಗಳಲ್ಲಿ ಹೆಚ್ಚಿನವು ಆ ಅರ್ಧ ಗಂಟೆಯನ್ನೇ ಅಳೆಯುತ್ತವೆ. ಇಲ್ಲಿ ನೋಡುವುದು ಆಮೇಲಿನ ವರ್ಷಗಳನ್ನು: ದೋಷ ಸರಿಪಡಿಸುವ ಪ್ಯಾಚ್ ಎಲ್ಲಿಯವರೆಗೆ ಬರುತ್ತದೆ, ವರ್ಷನ್ ಏರಿಸುವ ದಿನ ಏನು ಕೆಡುತ್ತದೆ, ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಏಳುತ್ತದೆಯೇ, ಕನ್ನಡದ ಡೇಟಾ ಸರಿಯಾಗಿ ಉಳಿಯುತ್ತದೆಯೇ, ಆಡಿಟ್‌ನವರು ಕೇಳಿದಾಗ ಕೊಡಲು ಲಾಗ್ ಇರುತ್ತದೆಯೇ. ಬರೆಯುವಾಗ ಕಣ್ಣೆದುರು ಇರುವುದು ಬೆಂಗಳೂರಿನ ಸಣ್ಣ, ಮಧ್ಯಮ ಕಚೇರಿಗಳು: ಪೀಣ್ಯದ ಕಾರ್ಖಾನೆ, ಜಯನಗರದ ಕ್ಲಿನಿಕ್, ಎಚ್‌ಎಸ್‌ಆರ್ ಲೇಔಟಿನ ಸಾಫ್ಟ್‌ವೇರ್ ತಂಡ. ನಾಲ್ಕರಿಂದ ಇಪ್ಪತ್ತು ಸರ್ವರ್, ಕೆಲವು ಕ್ಲೌಡ್‌ನಲ್ಲಿ, ಕೆಲವು ಕಚೇರಿಯ ಮೂಲೆಯ ರ‍್ಯಾಕ್‌ನಲ್ಲಿ, ನೋಡಿಕೊಳ್ಳಲು ಒಬ್ಬರೋ ಇಬ್ಬರೋ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇವೆ. ವೆಬ್, ಡೇಟಾಬೇಸ್, ಮೇಲ್ ಇಂಥ ಸಾಮಾನ್ಯ ಕೆಲಸಕ್ಕೆ ಡೆಬಿಯನ್. ವೆಂಡರ್ ಕೊಟ್ಟ ಸಾಫ್ಟ್‌ವೇರ್ ‘ರೆಡ್ ಹ್ಯಾಟ್ ಮಾತ್ರ’ ಎನ್ನುತ್ತಿದ್ದರೆ, ಅಥವಾ ಹತ್ತು ವರ್ಷ ಒಂದೇ ವರ್ಷನ್ ಬೇಕಿದ್ದರೆ ರೆಡ್ ಹ್ಯಾಟ್ ಲಿನಕ್ಸ್‌ಗೆ ಹೊಂದುವ ಆಲ್ಮಾಲಿನಕ್ಸ್. ಫೈಲ್ ಸರ್ವರ್, ಬ್ಯಾಕಪ್ ಸರ್ವರ್‌ಗೆ ಫ್ರೀಬಿಎಸ್‌ಡಿ. ಇಂಟರ್‌ನೆಟ್ ಒಳಬರುವ ಬಾಗಿಲಲ್ಲಿ ಕೂರುವ ಫೈರ್‌ವಾಲ್‌ಗೆ ಓಪನ್‌ಬಿಎಸ್‌ಡಿ. ಡೆವಲಪರ್‌ಗಳೆಲ್ಲ ಆಗಲೇ ಉಬುಂಟು ಬಳಸುತ್ತಿದ್ದರೆ ಉಬುಂಟು ಎಲ್‌ಟಿಎಸ್ (ದೀರ್ಘ ಬೆಂಬಲದ ವರ್ಷನ್). ಅದನ್ನು ಕಿತ್ತು ಡೆಬಿಯನ್ ಹಾಕಬೇಕಾದ ತುರ್ತು ಯಾವುದೂ ಇಲ್ಲ. ಆದರೆ ಒಬ್ಬರೇ ನೋಡಿಕೊಳ್ಳುವ ಕಡೆ ಎರಡಕ್ಕಿಂತ ಹೆಚ್ಚು ಕುಟುಂಬದ ಓಎಸ್ ಬೇಡ. ಡೆಬಿಯನ್ ಮತ್ತು ಉಬುಂಟು ಒಂದು ಕುಟುಂಬ, ಆಲ್ಮಾ ಮತ್ತು ಅದೇ ಬಗೆಯ ರಾಕಿ ಲಿನಕ್ಸ್ ಒಂದು, ಬಿಎಸ್‌ಡಿಗಳು ಒಂದೊಂದೂ ಬೇರೆ ಬೇರೆ. ಮೂರನೆಯ ಕುಟುಂಬ ಸೇರಿದ ದಿನದಿಂದ ಯಾವುದಾದರೊಂದರ ಪ್ಯಾಚ್ ತಿಂಗಳುಗಟ್ಟಲೆ ಬಾಕಿ ಬೀಳಲು ಶುರುವಾಗುತ್ತದೆ.

ಪ್ಯಾಚ್ ಎಲ್ಲಿಯವರೆಗೆ

ಡೆಬಿಯನ್‌ಗೆ ಮೂರು ವರ್ಷ ಪೂರ್ಣ ಬೆಂಬಲ, ಮೇಲೆ ಎರಡು ವರ್ಷ ಎಲ್‌ಟಿಎಸ್, ಒಟ್ಟು ಐದು. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಎಲ್‌ಟಿಎಸ್ ಅವಧಿಯನ್ನು ಬೇರೆಯೇ ತಂಡ ನೋಡಿಕೊಳ್ಳುತ್ತದೆ, ಎಲ್ಲ ಪ್ರೊಸೆಸರ್ ಬಗೆಗಳಿಗೂ ಅದು ಸಿಗುವುದಿಲ್ಲ. ಮಾಮೂಲಿ ಇಂಟೆಲ್, ಎಎಮ್‌ಡಿ ಯಂತ್ರಗಳಿಗೆ ಚಿಂತೆಯಿಲ್ಲ.

ಉಬುಂಟು ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಬೆಂಬಲ. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ, ಬಹಳ ಮಂದಿಗೆ ಅದು ಗೊತ್ತಿರುವುದಿಲ್ಲ. ಆ ಐದು ವರ್ಷದ ಭರವಸೆ ‘ಮೇನ್’ ಭಂಡಾರದ ಪ್ಯಾಕೇಜ್‌ಗಳಿಗೆ. ‘ಯೂನಿವರ್ಸ್’ ಭಂಡಾರದಿಂದ ಹಾಕಿಕೊಂಡದ್ದಕ್ಕೆ ಉಬುಂಟು ತಯಾರಿಸುವ ಕೆನೋನಿಕಲ್ ಕಂಪನಿಯ ಭದ್ರತಾ ಪ್ಯಾಚ್ ಬೇಕೆಂದರೆ ಉಬುಂಟು ಪ್ರೊ ಚಂದಾ ಬೇಕು. ಪ್ರೊ ಇದ್ದರೆ ಒಟ್ಟು ಅವಧಿಯೂ ಹತ್ತು ವರ್ಷಕ್ಕೆ ಏರುತ್ತದೆ. ಸ್ವಂತ ಬಳಕೆಗೆ ಐದು ಯಂತ್ರದವರೆಗೆ ಅದು ಉಚಿತ. ನಿಮ್ಮ ಸರ್ವರ್‌ನಲ್ಲಿ ಎಷ್ಟು ಪ್ಯಾಕೇಜ್ ಯೂನಿವರ್ಸ್‌ನವು ಎಂದು ‘ಪ್ರೊ ಸೆಕ್ಯೂರಿಟಿ-ಸ್ಟೇಟಸ್’ ಕಮಾಂಡ್ ಲೆಕ್ಕ ಕೊಡುತ್ತದೆ. ಆಯ್ಕೆ ಮಾಡುವ ಮುಂಚೆ ಒಂದು ಪರೀಕ್ಷಾ ಯಂತ್ರದಲ್ಲಿ ಅದನ್ನು ಓಡಿಸಿ ನೋಡಿ.

ಆಲ್ಮಾ, ರಾಕಿ ಎರಡೂ ಹತ್ತು ವರ್ಷ. 9ನೆಯ ವರ್ಷನ್‌ಗೆ 2032ರ ಮೇವರೆಗೆ, 10ಕ್ಕೆ 2035ರವರೆಗೆ ಭದ್ರತಾ ಪ್ಯಾಚ್ ಇದೆ. ಹತ್ತು ವರ್ಷ ಸಿಗುತ್ತದೆ ಎಂಬುದಕ್ಕೆ ಬೆಲೆಯೂ ಇದೆ: ಆರನೆಯ ವರ್ಷಕ್ಕೆ ಬರುವಷ್ಟರಲ್ಲಿ ಪಿಎಚ್‌ಪಿ, ಪೈಥಾನ್ ಹಳತಾಗಿರುತ್ತವೆ, ಡೆವಲಪರ್‌ಗಳು ಹೊರಗಿನ ರೆಪೊಸಿಟರಿ (ಪ್ಯಾಕೇಜ್ ಭಂಡಾರ) ಸೇರಿಸಲು ಒತ್ತಾಯಿಸುತ್ತಾರೆ, ಸೇರಿಸಿದ ದಿನವೇ ಹತ್ತು ವರ್ಷದ ಭರವಸೆಯಲ್ಲಿ ತೂತು ಬೀಳುತ್ತದೆ.

ಫ್ರೀಬಿಎಸ್‌ಡಿಯಲ್ಲಿ ಎರಡು ಗಡಿಯಾರ ಒಟ್ಟಿಗೆ ಓಡುತ್ತವೆ. 14ರ ಶಾಖೆಗೆ ಐದು ವರ್ಷ, ಅಂದರೆ 2028ರ ನವೆಂಬರ್‌ವರೆಗೆ. 15ರಿಂದ ಅದು ನಾಲ್ಕು ವರ್ಷಕ್ಕೆ ಇಳಿದಿದೆ. ಆದರೆ ಶಾಖೆಯೊಳಗಿನ ಒಂದೊಂದು ಸಣ್ಣ ವರ್ಷನ್‌ಗೂ ಅದರ ಮುಂದಿನದು ಬಂದ ಮೂರು ತಿಂಗಳಿಗೆ ಬೆಂಬಲ ಮುಗಿಯುತ್ತದೆ. ‘14 ಹಾಕಿದ್ದೇವೆ, 2028ರವರೆಗೆ ನೋಡಬೇಕಿಲ್ಲ’ ಎಂದುಕೊಂಡರೆ ಮೋಸಹೋದಂತೆ.

ಓಪನ್‌ಬಿಎಸ್‌ಡಿಗೆ ಎಲ್‌ಟಿಎಸ್ ಎಂಬುದೇ ಇಲ್ಲ. ವರ್ಷಕ್ಕೆ ಎರಡು ಬಿಡುಗಡೆ, ಕೊನೆಯ ಎರಡಕ್ಕೆ ಮಾತ್ರ ಪ್ಯಾಚ್. ವರ್ಷದಲ್ಲಿ ಎರಡು ಸಲ ವರ್ಷನ್ ಏರಿಸಲು ಆಗದವರು ಅದನ್ನು ಮುಟ್ಟಬಾರದು. ಏರಿಸುವುದು ಮಾತ್ರ ಈ ಐದರಲ್ಲಿ ಅತ್ಯಂತ ಸಲೀಸು: ‘ಸಿಸ್‌ಅಪ್‌ಗ್ರೇಡ್’ ಕೊಟ್ಟರೆ ತಾನೇ ಇಳಿಸಿಕೊಂಡು, ರೀಬೂಟ್ ಆಗಿ, ಹೊಸ ವರ್ಷನ್ ಹಾಕಿಕೊಂಡು ಬರುತ್ತದೆ. ಆಮೇಲೆ ‘ಪಿಕೆಜಿ_ಆ್ಯಡ್ -ಯು’. ಒಂದು ವರ್ಷನ್ ಹಾರಿ ಮುಂದಿನದಕ್ಕೆ ಹೋಗುವಂತಿಲ್ಲ.

ವರ್ಷನ್ ಏರಿಸುವ ದಿನ

ಡೆಬಿಯನ್‌ನಲ್ಲಿ ಸೋರ್ಸಸ್ ಲಿಸ್ಟ್‌ನಲ್ಲಿ ‘ಸ್ಟೇಬಲ್’ ಎಂದು ಬರೆಯಬೇಡಿ, ವರ್ಷನ್‌ನ ಹೆಸರನ್ನೇ ಬರೆಯಿರಿ: ‘ಬುಕ್‌ವರ್ಮ್’ ಅಥವಾ ‘ಟ್ರಿಕ್ಸಿ’. ‘ಸ್ಟೇಬಲ್’ ಎಂದಿದ್ದರೆ ಹೊಸ ಬಿಡುಗಡೆಯಾದ ವಾರ ಮಾಮೂಲಿ ಅಪ್‌ಡೇಟ್ ಎಂದುಕೊಂಡು ಕೊಟ್ಟ ಕಮಾಂಡ್ ಇಡೀ ಓಎಸ್ಸನ್ನೇ ಏರಿಸಲು ಹೊರಡುತ್ತದೆ. ಏರಿಸುವ ಕ್ರಮ ಎರಡು ಹಂತದ್ದು. ಮೊದಲು ಹೊಸ ಪ್ಯಾಕೇಜ್ ಸೇರಿಸದೆ ‘ಅಪ್‌ಗ್ರೇಡ್’, ಆಮೇಲೆ ‘ಫುಲ್-ಅಪ್‌ಗ್ರೇಡ್’. ಇದನ್ನು, ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ನೋಡುವ ಟಿಮಕ್ಸ್ ಒಳಗೇ ಮಾಡಬೇಕು. ನಡುವೆ ನೆಟ್ ಹೋದರೆ ಅರ್ಧಕ್ಕೆ ನಿಂತ ಡಿಪಿಕೆಜಿಯನ್ನು (ಪ್ಯಾಕೇಜ್ ಹಾಕುವ ಪ್ರೋಗ್ರಾಮ್) ಸರಿಮಾಡುವುದು ತಲೆನೋವಿನ ಕೆಲಸ. 12ರಿಂದ 13ಕ್ಕೆ ಹೋಗುವವರು ಮೊದಲು 12ರ ಎಲ್ಲ ಅಪ್‌ಡೇಟ್ ಮುಗಿಸಿರಬೇಕು. ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಹಳೆಯದಾಗಿದ್ದರೆ ಏರಿಸುವ ನಡುವೆ ಹೊಸ ಲಾಗಿನ್ ಸಿಗದೆ ಹೊರಗೆ ನಿಲ್ಲಬೇಕಾಗುತ್ತದೆ.

13ರಲ್ಲಿ ಇನ್ನೊಂದು ಬದಲಾವಣೆ ಸಣ್ಣ ವಿಪಿಎಸ್‌ಗಳನ್ನು (ಬಾಡಿಗೆಯ ವರ್ಚುವಲ್ ಸರ್ವರ್) ಕಾಡುತ್ತದೆ. ‘ಟೆಂಪ್’ ಡೈರೆಕ್ಟರಿ ಈಗ ಡಿಸ್ಕ್‌ನಲ್ಲಿಲ್ಲ, ಮೆಮೊರಿಯಲ್ಲಿದೆ, ರ‍್ಯಾಮ್‌ನ ಅರ್ಧದವರೆಗೆ ಬೆಳೆಯಬಹುದು. 1 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಯಾರೋ 600 ಎಂಬಿಯ ವಿಡಿಯೊ ಅಪ್‌ಲೋಡ್ ಮಾಡಿದರೆ ಡಿಸ್ಕ್‌ನಲ್ಲಿ 40 ಜಿಬಿ ಖಾಲಿ ಇದ್ದರೂ ‘ಜಾಗವಿಲ್ಲ’ ಎಂಬ ಎರರ್ ಬರುತ್ತದೆ. ‘ಟೆಂಪ್ ಡಾಟ್ ಮೌಂಟ್’ ಯೂನಿಟ್ಟನ್ನು ಮಾಸ್ಕ್ ಮಾಡಿ ರೀಬೂಟ್ ಮಾಡಿದರೆ ಹಳೆಯ ನಡವಳಿಕೆಗೆ ಮರಳುತ್ತದೆ.

ಉಬುಂಟುವಿನ ‘ಡೂ-ರಿಲೀಸ್-ಅಪ್‌ಗ್ರೇಡ್’ ಎಲ್‌ಟಿಎಸ್‌ನಿಂದ ಎಲ್‌ಟಿಎಸ್‌ಗೆ ದಾರಿ ತೆರೆಯುವುದು ಹೊಸದರ ಮೊದಲ ಪಾಯಿಂಟ್ ರಿಲೀಸ್ ಬಂದ ಮೇಲೆ. ಅದು ಮುನ್ನೆಚ್ಚರಿಕೆಗೆಂದು 1022ನೆಯ ಪೋರ್ಟ್‌ನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ತೆರೆದಿಡುತ್ತದೆ. ಕ್ಲೌಡ್‌ನ ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ನಿಮ್ಮ ಕಚೇರಿಯ ಐಪಿಗೆ ಮಾತ್ರ ಅಷ್ಟು ಹೊತ್ತು ಬಿಡಿ. ಹೊರಗಿನ ಪ್ಯಾಕೇಜ್ ಭಂಡಾರಗಳಾದ ಪಿಪಿಎಗಳನ್ನು ಅದು ಆಫ್ ಮಾಡುತ್ತದೆ. ಏರಿಸಿದ ಮೇಲೆ ಅವನ್ನು ಮತ್ತೆ ಆನ್ ಮಾಡಲು ಮರೆತರೆ ಆ ಪ್ಯಾಕೇಜ್‌ಗಳು ಸದ್ದಿಲ್ಲದೆ ಹಳೆಯ ವರ್ಷನ್‌ನಲ್ಲೇ ಉಳಿಯುತ್ತವೆ.

ಆಲ್ಮಾದಲ್ಲಿ ಸಣ್ಣ ವರ್ಷನ್ ಏರಿಕೆ ಬರೀ ‘ಡಿಎನ್ಎಫ್ ಅಪ್‌ಡೇಟ್’. ಏನಾದರೂ ಕೆಟ್ಟರೆ ‘ಡಿಎನ್ಎಫ್ ಹಿಸ್ಟರಿ’ಯಲ್ಲಿ ಆ ವಹಿವಾಟಿನ ಸಂಖ್ಯೆ ನೋಡಿ ‘ಅನ್‌ಡೂ’ ಕೊಡಬಹುದು. ಡೆಬಿಯನ್, ಉಬುಂಟುವಿನ ಆಪ್ಟ್‌ನಲ್ಲಿ ಇಷ್ಟು ಕಾಲ ಇಂಥ ಸೌಲಭ್ಯ ಇರಲಿಲ್ಲ, ನಮಗೆ ಆಲ್ಮಾದಲ್ಲಿ ಬಹಳ ಹಿಡಿಸುವುದು ಇದೇ. ಆದರೆ ಅನ್‌ಡೂ ಆಗಬೇಕಾದರೆ ಹಳೆಯ ಪ್ಯಾಕೇಜ್ ರೆಪೊಸಿಟರಿಯಲ್ಲಿ ಇನ್ನೂ ಇರಬೇಕು, ಡೇಟಾಬೇಸ್‌ನ ಫೈಲ್‌ಗಳನ್ನು ಅದು ಹಿಂದಕ್ಕೆ ತರುವುದಿಲ್ಲ. ದೊಡ್ಡ ವರ್ಷನ್ ಏರಿಕೆಗೆ ಆಲ್ಮಾದವರ ‘ಎಲಿವೇಟ್’ ಇದೆ. ರಾಕಿಯಲ್ಲಿ ಇದ್ದಲ್ಲೇ ಏರಿಸುವುದಕ್ಕೆ ಅಧಿಕೃತ ಬೆಂಬಲವಿಲ್ಲ, ಹೊಸದಾಗಿ ಹಾಕಿ ಡೇಟಾ ಸಾಗಿಸಬೇಕು.

ಫ್ರೀಬಿಎಸ್‌ಡಿಯಲ್ಲಿ ‘ಫ್ರೀಬಿಎಸ್‌ಡಿ-ಅಪ್‌ಡೇಟ್ ಇನ್‌ಸ್ಟಾಲ್’ ಅನ್ನು ಮೂರು ಸಲ ಕೊಡಬೇಕು: ಕರ್ನಲ್‌ಗೆ ಒಮ್ಮೆ, ರೀಬೂಟ್ ಆದ ಮೇಲೆ ಉಳಿದ ಬೇಸ್ ಸಿಸ್ಟಮ್‌ಗೆ ಒಮ್ಮೆ, ಪ್ಯಾಕೇಜ್‌ಗಳನ್ನೆಲ್ಲ ಹೊಸದಾಗಿ ಹಾಕಿಕೊಂಡ ಮೇಲೆ ಹಳೆಯ ಲೈಬ್ರರಿ ತೆಗೆಯಲು ಕೊನೆಯದು. ಮೂರನೆಯದನ್ನು ಪ್ಯಾಕೇಜ್ ಏರಿಸುವ ಮುಂಚೆ ಕೊಟ್ಟರೆ ಅರ್ಧ ಪ್ರೋಗ್ರಾಮ್‌ಗಳು ಲೈಬ್ರರಿ ಸಿಗದೆ ನಿಲ್ಲುತ್ತವೆ. ನಡುವೆ ಕಾನ್ಫಿಗ್ ಫೈಲ್‌ಗಳನ್ನು ವಿಲೀನ ಮಾಡಲು ವಿಐ ಎಡಿಟರ್ ತೆರೆಯುತ್ತದೆ. ಅಲ್ಲಿ ಎರಡು ಬದಿಯ ಪಠ್ಯವನ್ನು ಬೇರ್ಪಡಿಸುವ ಬಾಣದ ಗುರುತಿನ ಸಾಲುಗಳು ಒಂದೂ ಉಳಿಯಬಾರದು. ಪಾಸ್‌ವರ್ಡ್ ಫೈಲ್‌ನಲ್ಲೋ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲೋ ಒಂದು ಉಳಿದರೂ ರೀಬೂಟ್ ಆದ ಮೇಲೆ ಒಳಗೆ ಹೋಗಲಾಗದು. ಇಷ್ಟೆಲ್ಲದಕ್ಕೆ ಪರಿಹಾರವೂ ಅಲ್ಲೇ ಇದೆ. ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಮೇಲೆ ಹಾಕಿದ್ದರೆ ಶುರುಮಾಡುವ ಮುಂಚೆ ‘ಬಿಇಸಿಟಿಎಲ್ ಕ್ರಿಯೇಟ್’ ಎಂದು ಒಂದು ಬೂಟ್ ಎನ್ವಿರಾನ್‌ಮೆಂಟ್ ಮಾಡಿಡಿ. ಎಡವಟ್ಟಾದರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿಕೊಂಡರೆ ಎರಡು ನಿಮಿಷದಲ್ಲಿ ಹಿಂದಿನ ಸ್ಥಿತಿ. ಈ ಒಂದು ಕಾರಣಕ್ಕೆ ಫ್ರೀಬಿಎಸ್‌ಡಿಯನ್ನು ಯುಎಫ್‌ಎಸ್ ಮೇಲೆ ಹಾಕಬೇಡಿ ಎನ್ನುತ್ತೇವೆ.

ದಿನನಿತ್ಯ ಕಾಡುವವು

ಡೆಬಿಯನ್ 12ರಿಂದ ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ಮೊದಲೇ ಹಾಕಿ ಬರುವುದಿಲ್ಲ. ಹಾಗಾಗಿ ಲಾಗಿನ್ ಪ್ರಯತ್ನಗಳ ‘ಆಥ್ ಡಾಟ್ ಲಾಗ್’ ಎಂಬ ಫೈಲೇ ಇರುವುದಿಲ್ಲ. 12ರಲ್ಲಿ, ಪದೇ ಪದೇ ತಪ್ಪು ಲಾಗಿನ್ ಮಾಡುವವರನ್ನು ತಡೆಯುವ ಫೇಲ್‌2ಬ್ಯಾನ್ ಹಾಕಿದ ಕೂಡಲೇ ಅದು ಆ ಫೈಲ್ ಹುಡುಕಿ, ಸಿಗದೆ, ಬಿದ್ದುಬಿಡುತ್ತದೆ. ಹಾಕಿದವರು ಅದು ಕಾಯುತ್ತಿದೆ ಎಂದುಕೊಂಡಿರುತ್ತಾರೆ. ಕಾನ್ಫಿಗ್‌ನಲ್ಲಿ ಬ್ಯಾಕ್‌ಎಂಡ್ ಅನ್ನು ‘ಸಿಸ್ಟಮ್‌ಡಿ’ ಎಂದು ಬದಲಾಯಿಸಿ, ಆಮೇಲೆ ಸ್ಟೇಟಸ್ ಕಣ್ಣಾರೆ ನೋಡಿ.

ಉಬುಂಟುವಿನಲ್ಲಿ ಎಡವುವ ಜಾಗಗಳು ಮೂರಿವೆ. ಒಂದು, ಕ್ಲೌಡ್ ಇಮೇಜ್‌ಗಳಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಲು ಮುಖ್ಯ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ‘ನೋ’ ಬರೆದರೂ ಫಲವಿಲ್ಲದಿರಬಹುದು. ಮೊದಲ ಬೂಟ್‌ನಲ್ಲಿ ಯಂತ್ರವನ್ನು ಹೊಂದಿಸುವ ಕ್ಲೌಡ್-ಇನಿಟ್ ಬರೆದ ಇನ್ನೊಂದು ತುಣುಕು ಫೈಲನ್ನು ಎಸ್‌ಎಸ್‌ಎಚ್‌ಡಿ ಮೊದಲು ಓದುತ್ತದೆ, ಮೊದಲು ಕಂಡ ಮೌಲ್ಯವನ್ನೇ ಹಿಡಿಯುತ್ತದೆ. ‘ಎಸ್‌ಎಸ್‌ಎಚ್‌ಡಿ -ಟಿ’, ಟಿ ದೊಡ್ಡಕ್ಷರ, ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವುದು ಕಾಣುತ್ತದೆ. ಎರಡು, 24.04ರಲ್ಲಿ ಎಸ್‌ಎಸ್‌ಎಚ್ ಪೋರ್ಟನ್ನು ಸಾಕೆಟ್ ಯೂನಿಟ್ ಹಿಡಿದಿರುತ್ತದೆ. ಪೋರ್ಟ್ ಬದಲಿಸಿದ ಮೇಲೆ ಸಿಸ್ಟಮ್‌ಡಿಗೆ ‘ಡೀಮನ್-ರಿಲೋಡ್’ ಕೊಟ್ಟು ‘ಎಸ್‌ಎಸ್‌ಎಚ್ ಡಾಟ್ ಸಾಕೆಟ್’ ಅನ್ನು ರೀಸ್ಟಾರ್ಟ್ ಮಾಡಬೇಕು. ಸರ್ವಿಸ್ ಮಾತ್ರ ರೀಸ್ಟಾರ್ಟ್ ಮಾಡಿದರೆ ಹಳೆಯ ಪೋರ್ಟೇ ಉಳಿಯುತ್ತದೆ. ಮೂರು, ಇನ್‌ಸ್ಟಾಲರ್ ಎಲ್‌ವಿಎಂ ಆರಿಸಿಕೊಂಡಾಗ ಇಡೀ ಡಿಸ್ಕ್ ಕೊಡುವುದಿಲ್ಲ. 200 ಜಿಬಿ ಮೀರಿದ ಡಿಸ್ಕ್‌ನಲ್ಲಿ ರೂಟ್‌ಗೆ ಸಿಗುವುದು 100 ಜಿಬಿ ಮಾತ್ರ. ಡಿಸ್ಕ್ ತುಂಬಿತೆಂದು ಎಸ್‌ಪಿ ರೋಡಿಗೆ ಹೋಗಿ ಹೊಸ ಎಸ್‌ಎಸ್‌ಡಿ ತರುವ ಮುಂಚೆ ‘ವಿಜಿಎಸ್’ ಕೊಟ್ಟು ಖಾಲಿ ಜಾಗ ಎಷ್ಟಿದೆ ನೋಡಿ, ‘ಎಲ್‌ವಿಎಕ್ಸ್‌ಟೆಂಡ್’ನಿಂದ ಸೇರಿಸಿಕೊಳ್ಳಿ.

ಪ್ರೋಗ್ರಾಮ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್ ಬಳಸುವವರಿಗೆ, ಉಬುಂಟು ಇರಲಿ ಡೆಬಿಯನ್ ಇರಲಿ: ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ಮುಚ್ಚಿದ ಪೋರ್ಟನ್ನು ಡಾಕರ್ ತೆರೆದಿಡುತ್ತದೆ. ಅದು ತನ್ನ ನಿಯಮಗಳನ್ನು ನೇರ ಐಪಿಟೇಬಲ್ಸ್‌ಗೆ, ಯುಎಫ್‌ಡಬ್ಲ್ಯೂ ನೋಡುವ ಸರಪಳಿಗೆ ಸಿಗದಂತೆ ಬರೆಯುತ್ತದೆ. ಡೇಟಾಬೇಸ್ ಕಂಟೇನರ್‌ನ ಪೋರ್ಟನ್ನು 127.0.0.1ಕ್ಕೆ ಮಾತ್ರ ಕಟ್ಟಿ.

ಆಲ್ಮಾ, ರಾಕಿಯಲ್ಲಿ ಮಾತು ಬರುವುದು ಎಸ್‌ಇಲಿನಕ್ಸ್‌ದು, ಅಂದರೆ ಯಾವ ಪ್ರೋಗ್ರಾಮ್ ಏನನ್ನು ಮುಟ್ಟಬಹುದು ಎಂದು ಕಟ್ಟುಪಾಡು ಹಾಕುವ ವ್ಯವಸ್ಥೆಯದು. ಅದನ್ನು ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆಫ್ ಮಾಡುವುದಾದರೆ ಈ ಕುಟುಂಬವನ್ನು ಆರಿಸಿಕೊಳ್ಳುವ ಮುಖ್ಯ ಕಾರಣವೊಂದನ್ನೇ ಕೈಬಿಟ್ಟಂತೆ. ನಿಜಕ್ಕೂ ಎದುರಾಗುವುದು ಮೂರು ಸಂದರ್ಭ. ಎನ್‌ಜಿನ್‌ಎಕ್ಸ್ ಹಿಂದಿರುವ ಆ್ಯಪ್‌ಗೆ ಸಂಪರ್ಕ ಸಿಗದೆ 502 ಬಂದರೆ ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್’ ಎಂಬ ಬೂಲಿಯನ್ನನ್ನು ‘-ಪಿ’ ಸಹಿತ ಆನ್ ಮಾಡಬೇಕು; ‘-ಪಿ’ ಬಿಟ್ಟರೆ ರೀಬೂಟ್‌ಗೆ ಹೋಗಿಬಿಡುತ್ತದೆ. ಹೋಮ್ ಡೈರೆಕ್ಟರಿಯಿಂದ ‘ಎಂವಿ’ ಮಾಡಿ ತಂದ ಫೈಲ್‌ಗಳಿಗೆ 403 ಬಂದರೆ ಅವು ಹಳೆಯ ಲೇಬಲ್ ಹೊತ್ತುಕೊಂಡೇ ಬಂದಿವೆ ಎಂದರ್ಥ, ‘ರಿಸ್ಟೋರ್‌ಕಾನ್’ ಸಾಕು. ಎಸ್‌ಎಸ್‌ಎಚ್ ಪೋರ್ಟ್ ಬದಲಿಸಿದರೆ ‘ಸೆಮ್ಯಾನೇಜ್ ಪೋರ್ಟ್’ನಲ್ಲಿ ಸೇರಿಸಬೇಕು. ಸೆಮ್ಯಾನೇಜ್ ಕಮಾಂಡ್ ಇಲ್ಲ ಎಂದರೆ ‘ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್-ಯುಟಿಲ್ಸ್’ ಪ್ಯಾಕೇಜ್ ಹಾಕಿ. ಏನು ತಡೆಯಲ್ಪಟ್ಟಿತು ಎಂದು ‘ಎಯುಸರ್ಚ್’ ಹೇಳುತ್ತದೆ, ಊಹಿಸಬೇಕಾಗಿಲ್ಲ.

ಆಲ್ಮಾ ಇಲ್ಲವೇ ರಾಕಿ? ರೆಡ್ ಹ್ಯಾಟ್ 2023ರ ಜೂನ್‌ನಲ್ಲಿ ಸೋರ್ಸ್ ಕೊಡುವ ರೀತಿ ಬದಲಿಸಿದ ಮೇಲೆ ಆಲ್ಮಾ ‘ಅಕ್ಷರಶಃ ನಕಲು’ ಗುರಿಯನ್ನು ಬಿಟ್ಟು ಬೈನರಿ ಹೊಂದಾಣಿಕೆಗೆ ಬಂತು. ರಾಕಿ ನಕಲಿನ ದಾರಿಯಲ್ಲೇ ಉಳಿಯಿತು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳುವವರಿಗೆ ಇದು ನೇರವಾಗಿ ತಟ್ಟುತ್ತದೆ. ರೆಡ್ ಹ್ಯಾಟ್ ಕೈಬಿಟ್ಟ ಹಳೆಯ ರೈಡ್ ಕಂಟ್ರೋಲರ್ ಡ್ರೈವರ್‌ಗಳಲ್ಲಿ ಹಲವನ್ನು ಆಲ್ಮಾ 9.4ರಲ್ಲಿ ಮರಳಿ ಸೇರಿಸಿತು. 10ನೆಯ ವರ್ಷನ್‌ಗೆ ಎವಿಎಕ್ಸ್2 ಇರುವ ಪ್ರೊಸೆಸರ್ ಬೇಕು. ಝಿಯಾನ್ ಇ5 ವಿ2 ಯಂತ್ರಗಳಲ್ಲಿ ಅದಿಲ್ಲ, ವಿ3ಯಿಂದ ಇದೆ. ಆಲ್ಮಾ ಹಳೆಯ ಪ್ರೊಸೆಸರ್‌ಗಳಿಗೆಂದೇ 10ರ ಪ್ರತ್ಯೇಕ ಬಿಲ್ಡ್ ಕೊಡುತ್ತದೆ, ರಾಕಿ ಕೊಡುವುದಿಲ್ಲ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಯಾವುದಾದರೂ ಲೈವ್ ಯುಎಸ್‌ಬಿ ಹಾಕಿ ‘ಎಲ್‌ಎಸ್‌ಸಿಪಿಯು’ ಕೊಟ್ಟು ನೋಡಿ. ಕಚೇರಿ ಮೂಲೆಯ ಹಳೆಯ ಸರ್ವರ್‌ಗೆ ನಮ್ಮ ಮತ ಆಲ್ಮಾಕ್ಕೆ.

ಫ್ರೀಬಿಎಸ್‌ಡಿಗೆ ಎಚ್ಚರ ನೆಟ್‌ವರ್ಕ್ ಕಾರ್ಡ್ ವಿಷಯದಲ್ಲಿ. ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳ ರಿಯಲ್‌ಟೆಕ್ 2.5 ಗಿಗಾಬಿಟ್ ಚಿಪ್‌ಗೆ 14ರ ಬೇಸ್‌ನಲ್ಲಿ ಡ್ರೈವರ್ ಇಲ್ಲ. ಅದಕ್ಕೊಂದು ಪ್ಯಾಕೇಜ್ ಇದೆ ನಿಜ, ನೆಟ್ ಇಲ್ಲದೆ ಅದನ್ನು ಇಳಿಸಿಕೊಳ್ಳುವುದು ಹೇಗೆ ಎಂಬುದೇ ತೊಡಕು. ಇಂಟೆಲ್ ಚಿಪ್‌ನ ಕಾರ್ಡ್ ಒಂದನ್ನು ಜೊತೆಗೇ ಕೊಂಡುಬಿಡಿ.

ಕರೆಂಟ್ ಹೋದಾಗ

ಮಾರ್ಚ್‌ನಿಂದ ಮೇವರೆಗಿನ ಗುಡುಗು ಮಳೆಗೆ ಮರದ ಕೊಂಬೆ ತಂತಿ ಮೇಲೆ ಬಿದ್ದರೆ ಬೆಸ್ಕಾಂ ಲೈನ್ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಲಾಗದು. ಕಚೇರಿಯಲ್ಲೇ ಸರ್ವರ್ ಇಟ್ಟವರಿಗೆ ಫೈಲ್ ಸಿಸ್ಟಮ್ ಆಯ್ಕೆ ಇಲ್ಲಿ ನಿರ್ಧಾರವಾಗುತ್ತದೆ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡಕ್ಕೂ ಜರ್ನಲ್ ಇದೆ, ಹಠಾತ್ತಾಗಿ ಆಫ್ ಆದರೂ ಸಾಮಾನ್ಯವಾಗಿ ತಾವೇ ಏಳುತ್ತವೆ. ಝಡ್‌ಎಫ್‌ಎಸ್ ಹಳೆಯ ಬ್ಲಾಕ್ ಮೇಲೆ ಬರೆಯುವುದೇ ಇಲ್ಲ, ಹೊಸ ಜಾಗದಲ್ಲಿ ಬರೆದು ಆಮೇಲೆ ಆ ಜಾಗವನ್ನು ತೋರಿಸುವಂತೆ ಕೊಂಡಿ ಬದಲಿಸುತ್ತದೆ. ಜೊತೆಗೆ ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ ಇರುವುದರಿಂದ ಕೆಟ್ಟದ್ದು ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ. ಓಪನ್‌ಬಿಎಸ್‌ಡಿಯ ಎಫ್‌ಎಫ್‌ಎಸ್‌ಗೆ ಜರ್ನಲ್ ಇಲ್ಲ. ಹಠಾತ್ ಆಫ್ ಆದ ಮೇಲೆ ಎಫ್‌ಎಸ್‌ಸಿಕೆ ಓಡುತ್ತದೆ, ತಾನೇ ಸರಿಮಾಡಲಾಗದ್ದು ಕಂಡರೆ ಸಿಂಗಲ್ ಯೂಸರ್ ಮೋಡ್‌ನಲ್ಲಿ ನಿಂತು ಕೀಬೋರ್ಡ್ ಮುಂದೆ ಯಾರಾದರೂ ಬರುವವರೆಗೆ ಕಾಯುತ್ತದೆ. ಅದೇ ನಿಮ್ಮ ಫೈರ್‌ವಾಲ್ ಆಗಿದ್ದರೆ ಇಡೀ ಕಚೇರಿಗೆ ನೆಟ್ ಇಲ್ಲ. ಹಾಗಾಗಿ ಓಪನ್‌ಬಿಎಸ್‌ಡಿ ಯಂತ್ರ ಯುಪಿಎಸ್ ಇಲ್ಲದೆ ಇರಲೇಬಾರದು, ಸೀರಿಯಲ್ ಕನ್ಸೋಲ್ ಕೇಬಲ್ ಒಂದನ್ನು ಪಕ್ಕದ ಯಂತ್ರಕ್ಕೆ ಹಾಕಿಟ್ಟಿರಬೇಕು, ಲಾಗ್‌ಗಳನ್ನು ಬೇರೆ ಸರ್ವರ್‌ಗೆ ಕಳಿಸಿ ಡಿಸ್ಕ್ ಬರವಣಿಗೆ ಕಡಿಮೆ ಮಾಡಬೇಕು.

ಯುಪಿಎಸ್ ಇದ್ದರೂ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಬ್ಯಾಟರಿ ಕಡಿಮೆಯಾಯಿತೆಂದು ಸರ್ವರ್ ಅಚ್ಚುಕಟ್ಟಾಗಿ ಶಟ್‌ಡೌನ್ ಆಗುತ್ತದೆ. ಅಷ್ಟರಲ್ಲಿ, ಯುಪಿಎಸ್ ಪೂರ್ತಿ ಬರಿದಾಗುವ ಮೊದಲೇ, ಕರೆಂಟ್ ಬರುತ್ತದೆ ಅಥವಾ ಜನರೇಟರ್ ಏಳುತ್ತದೆ. ಸರ್ವರ್‌ನ ಮಟ್ಟಿಗೆ ವಿದ್ಯುತ್ ಹೋಗಿಯೇ ಇಲ್ಲ. ಆದ್ದರಿಂದ ಬಯಾಸ್‌ನಲ್ಲಿ ‘ಕರೆಂಟ್ ಬಂದರೆ ಆನ್ ಆಗು’ ಎಂದಿಟ್ಟಿದ್ದರೂ ಅದು ಆನ್ ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ಯಾರೋ ಬಂದು ಬಟನ್ ಒತ್ತಬೇಕು. ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಅಂದರೆ ನಟ್, ಇದಕ್ಕೆ ದಾರಿ ಇಟ್ಟಿದೆ: ‘ಪವರ್‌ಡೌನ್‌ಫ್ಲ್ಯಾಗ್’ ಹೊಂದಿಸಿ, ಶಟ್‌ಡೌನ್‌ನ ಕೊನೆಗೆ ‘ಯುಪಿಎಸ್‌ಡಿಆರ್‌ವಿಸಿಟಿಎಲ್ ಶಟ್‌ಡೌನ್’ ಓಡುವಂತೆ ಮಾಡಿದರೆ ಯುಪಿಎಸ್ ತನ್ನ ಔಟ್‌ಪುಟ್ಟನ್ನೇ ಕತ್ತರಿಸಿ, ಲೈನ್ ಇದ್ದರೆ ಸ್ವಲ್ಪ ಹೊತ್ತಿಗೆ ಮತ್ತೆ ಕೊಡುತ್ತದೆ. ನಟ್ ಐದೂ ಓಎಸ್‌ಗೆ ಸಿಗುತ್ತದೆ. ಆಲ್ಮಾದಲ್ಲಿ ಮಾತ್ರ ಎಪೆಲ್ ಭಂಡಾರ ಸೇರಿಸಿಕೊಳ್ಳಬೇಕು. ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ಡೇಟಾ ಪೋರ್ಟ್ ಇರುವ ಮಾಡೆಲ್ಲನ್ನೇ ಕೇಳಿ ಕೊಳ್ಳಿ, ಹೊಂದಿಸಿದ ಮೇಲೆ ಒಮ್ಮೆ ನಿಜವಾಗಿಯೂ ಪ್ಲಗ್ ಕಿತ್ತು ನೋಡಿ.

ಲಿನಕ್ಸ್ ಮೇಲೆ ಝಡ್‌ಎಫ್‌ಎಸ್ ಬೇಕೆನ್ನುವವರಿಗೆ: ಉಬುಂಟು ತಯಾರು ಮಾಡಿದ ಮಾಡ್ಯೂಲ್ ಕೊಡುತ್ತದೆ. ಡೆಬಿಯನ್‌ನಲ್ಲಿ ಡಿಕೆಎಂಎಸ್ ಮೂಲಕ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಅಲ್ಲೇ ಕಂಪೈಲ್ ಆಗಬೇಕು. ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಕಂಪೈಲ್ ಆಗುವುದಿಲ್ಲ, ರೀಬೂಟ್ ಆದ ಮೇಲೆ ಪೂಲ್ ಕಾಣುವುದಿಲ್ಲ. ಡೇಟಾ ಎಲ್ಲೂ ಹೋಗಿರುವುದಿಲ್ಲ, ಹಳೆಯ ಕರ್ನಲ್‌ನಿಂದ ಬೂಟ್ ಮಾಡಿದರೆ ಸಿಗುತ್ತದೆ, ಆದರೆ ಆ ಕ್ಷಣದ ಗಾಬರಿ ಬೇಡ. ಫೈಲ್ ಸರ್ವರ್ ಮುಖ್ಯ ಕೆಲಸವಾದರೆ ಫ್ರೀಬಿಎಸ್‌ಡಿ ಎಂದು ನಾವು ಹೇಳುವುದು ಇದಕ್ಕೇ: ಅಲ್ಲಿ ಝಡ್‌ಎಫ್‌ಎಸ್ ಬೇಸ್‌ನೊಳಗೇ ಇದೆ.

ಕನ್ನಡದ ಫೈಲು, ಕನ್ನಡದ ಹೆಸರು

ಶಾಲೆ, ಸಹಕಾರ ಸಂಘ, ಪ್ರಕಾಶನ ಕಚೇರಿಗಳಲ್ಲಿ ಫೈಲ್ ಹೆಸರುಗಳು ಕನ್ನಡದಲ್ಲೇ ಇರುತ್ತವೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್. ಫೈಲ್ ಹೆಸರಿನ ಮಿತಿ ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಎಫ್‌ಎಫ್‌ಎಸ್‌ಗಳಲ್ಲಿ 255 ಬೈಟ್. ಅಂದರೆ 85 ಸಂಕೇತ. ಒತ್ತು, ಸ್ವರಚಿಹ್ನೆಗಳೆಲ್ಲ ಬೇರೆ ಬೇರೆ ಲೆಕ್ಕ: ‘ಕ್ಷೇ’ ಒಂದಕ್ಕೇ ನಾಲ್ಕು ಸಂಕೇತ, 12 ಬೈಟ್. ವಿಂಡೋಸ್‌ನಲ್ಲಿ ಮಿತಿ 255 ಬೈಟ್ ಆಗಿರದೆ 255 ಸಂಕೇತವಾಗಿರುವುದರಿಂದ ಅಲ್ಲಿ ಸರಾಗವಾಗಿ ಉಳಿದ ‘2023-24ನೇ ಸಾಲಿನ ವಾರ್ಷಿಕ ಮಹಾಸಭೆಯ ನಡಾವಳಿ…’ ಎಂಬ ಉದ್ದ ಹೆಸರಿನ ಫೈಲ್ ವಿಂಡೋಸ್ ಯಂತ್ರಗಳಿಗೆ ಫೈಲ್ ಹಂಚುವ ಸಾಂಬಾ ಶೇರ್‌ಗೆ ಕಾಪಿ ಆಗುವುದಿಲ್ಲ. ಯಾವ ಲಿನಕ್ಸ್ ಹಾಕಿದರೂ ಇದು ಹೀಗೇ. ಸಾಗಿಸುವ ಮುಂಚೆ ಉದ್ದ ಹೆಸರುಗಳನ್ನು ಹುಡುಕಿ ಚಿಕ್ಕದು ಮಾಡಬೇಕು.

ಇನ್ನೊಂದು ಸೂಕ್ಷ್ಮ. ‘ಕೋಲಾರ’ದ ‘ೋ’ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಫೈಲ್ ಸಿಸ್ಟಮ್ ತುಂಡು ಮಾಡಿ ಇಟ್ಟುಕೊಳ್ಳುತ್ತಿತ್ತು. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ಗಳು ಬೈಟ್ ಮಾತ್ರ ನೋಡುತ್ತವೆ. ಹಾಗಾಗಿ ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಕೂತು, ಹುಡುಕಿದರೆ ಒಂದು ಮಾತ್ರ ಸಿಗುತ್ತದೆ. ಝಡ್‌ಎಫ್‌ಎಸ್‌ನಲ್ಲಿ ಡೇಟಾಸೆಟ್ ಮಾಡುವಾಗಲೇ ‘ನಾರ್ಮಲೈಸೇಶನ್=ಫಾರ್ಮ್‌ಸಿ’ ಕೊಟ್ಟರೆ ಎರಡನ್ನೂ ಒಂದೇ ಎಂದು ಗುರುತಿಸುತ್ತದೆ. ಆಮೇಲೆ ಬದಲಿಸಲಾಗದು, ಹುಟ್ಟಿಸುವಾಗಲೇ ಕೊಡಬೇಕು. ಕನ್ನಡದ ದಾಖಲೆಗಳೇ ತುಂಬಿರುವ ಫೈಲ್ ಸರ್ವರ್‌ಗೆ ಫ್ರೀಬಿಎಸ್‌ಡಿ ಪರವಾಗಿ ಇದು ಇನ್ನೊಂದು ಗಟ್ಟಿ ಕಾರಣ.

ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಅಪಾಯ ಇದಕ್ಕಿಂತ ದೊಡ್ಡದು. ಹೆಸರುಗಳ ಅಕಾರಾದಿ ಜೋಡಣೆಗೆ ಅದು ಓಎಸ್‌ನ ಸಿ ಲೈಬ್ರರಿಯ ನಿಯಮವನ್ನು ನೆಚ್ಚಿಕೊಂಡಿರುತ್ತದೆ. ಡೆಬಿಯನ್‌ನಿಂದ ಆಲ್ಮಾಕ್ಕೆ ಡೇಟಾ ಡೈರೆಕ್ಟರಿಯನ್ನು ಹಾಗೇ ಕಾಪಿ ಮಾಡಿದರೆ, ಅಥವಾ ಓಎಸ್ ವರ್ಷನ್ ಏರಿಸಿದರೆ, ನಿಯಮ ಬದಲಾಗಿರಬಹುದು. ಇಂಡೆಕ್ಸ್ ಮಾತ್ರ ಹಳೆಯ ಕ್ರಮದಲ್ಲೇ ಇರುತ್ತದೆ. ಆಗ ಟೇಬಲ್‌ನಲ್ಲಿರುವ ಹೆಸರು ಹುಡುಕಿದರೆ ಇಲ್ಲ ಎನ್ನುತ್ತದೆ, ಯೂನಿಕ್ ಎಂದಿದ್ದ ಕಾಲಂನಲ್ಲಿ ನಕಲು ಸೇರುತ್ತದೆ. ಎರರ್ ಬರುವುದೇ ಇಲ್ಲ. ಪೋಸ್ಟ್‌ಗ್ರೆಸ್‌ಕ್ಯುಎಲ್ 15ರಿಂದೀಚೆಗೆ ‘ಕೊಲೇಶನ್ ವರ್ಷನ್’ (ಅಕ್ಷರಕ್ರಮದ ವರ್ಷನ್) ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ, ಅದನ್ನು ಕಡೆಗಣಿಸಬೇಡಿ: ಮೊದಲು ಇಡೀ ಡೇಟಾಬೇಸ್ ರೀಇಂಡೆಕ್ಸ್ ಮಾಡಿ, ಆಮೇಲೆ ಮಾತ್ರ ‘ರಿಫ್ರೆಶ್ ಕೊಲೇಶನ್ ವರ್ಷನ್’ ಕೊಡಿ. ಬೇರೆ ಓಎಸ್‌ಗೆ ಹೋಗುವಾಗ ‘ಪಿಜಿ_ಡಂಪ್’ ಸುರಕ್ಷಿತ ದಾರಿ. ಕನ್ನಡ ಕಾಲಂಗಳಿಗೆ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕನ್ನಡ ಕೊಲೇಶನ್ ಬಳಸಿದರೆ ಎಲ್ಲ ಓಎಸ್‌ನಲ್ಲೂ ಅಕ್ಷರಕ್ರಮ ಸರಿಯಾಗಿರುತ್ತದೆ. ಐಸಿಯು ವರ್ಷನ್ ಬದಲಾದರೂ ರೀಇಂಡೆಕ್ಸ್ ಬೇಕು ಎಂಬುದು ನೆನಪಿರಲಿ. ಓಪನ್‌ಬಿಎಸ್‌ಡಿಯ ಸಿ ಲೈಬ್ರರಿಗೆ ಭಾಷೆಯ ಅಕ್ಷರಕ್ರಮವೇ ಗೊತ್ತಿಲ್ಲ, ಡೇಟಾಬೇಸ್ ಅಲ್ಲಿಡಬೇಡಿ.

ಲಾಗ್, ಗಡಿಯಾರ, ಆಡಿಟ್

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಟೈಮ್ ಸರ್ವರ್‌ಗೆ ಹೊಂದಿಸಬೇಕು, ಸೈಬರ್ ಭದ್ರತೆಯ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಯಾವ ಓಎಸ್ಸೂ ಹಾಕಿದ ಹಾಗೇ ಇದನ್ನು ಪೂರೈಸುವುದಿಲ್ಲ. ಹಳೆಯ ಲಾಗ್‌ಗಳನ್ನು ಸರದಿಯಂತೆ ಅಳಿಸುವ ಲಾಗ್‌ರೊಟೇಟ್‌ನ ಮೂಲ ಹೊಂದಿಕೆ ವಾರಕ್ಕೊಂದರಂತೆ ನಾಲ್ಕು, ಅಂದರೆ ನಾಲ್ಕೇ ವಾರ. ಅದನ್ನು 26 ಮಾಡಿದರೆ 182 ದಿನ. ಆಲ್ಮಾದಲ್ಲಿ ಮುಖ್ಯ ಕಾನ್ಫಿಗ್ ಒಂದನ್ನು ಬದಲಿಸಿದರೆ ಸಿಸ್ಟಮ್ ಲಾಗ್‌ಗಳಿಗೆ ಸಾಕು. ಡೆಬಿಯನ್, ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್‌ಗೆ ಬೇರೆ ತುಣುಕು ಇದೆ, ಎನ್‌ಜಿನ್‌ಎಕ್ಸ್‌ನದು ದಿನಕ್ಕೊಂದರಂತೆ 14 ಮಾತ್ರ, ಒಂದೊಂದನ್ನೂ ತಿದ್ದಬೇಕು. ಜರ್ನಲ್‌ಡಿಗೆ 180 ದಿನ ಎಂದು ಬರೆದರೂ ಗಾತ್ರದ ಮಿತಿ, ಅಂದರೆ ಡಿಸ್ಕ್‌ನ ಶೇ. 10 ಅಥವಾ 4 ಜಿಬಿ, ಮೊದಲು ಮುಟ್ಟಿದರೆ ಹಳೆಯದು ಅಳಿಯುತ್ತದೆ, ಎರಡನ್ನೂ ಏರಿಸಿ. ಬಿಎಸ್‌ಡಿಗಳಲ್ಲಿ ಈ ಕೆಲಸ ನ್ಯೂಸಿಸ್‌ಲಾಗ್‌ದು.

ಗಡಿಯಾರಕ್ಕೆ ಆಲ್ಮಾದಲ್ಲಿ ಕ್ರೋನಿ, ಡೆಬಿಯನ್ ಮತ್ತು ಉಬುಂಟು 24.04ರಲ್ಲಿ ಟೈಮ್‌ಸಿಂಕ್‌ಡಿ, ಬಿಎಸ್‌ಡಿಗಳಲ್ಲಿ ಎನ್‌ಟಿಪಿಡಿ. ಎಲ್ಲದರಲ್ಲೂ ಎನ್‌ಐಸಿಯ ‘ಸಮಯ್1’, ‘ಸಮಯ್2’ ಸರ್ವರ್‌ಗಳ ವಿಳಾಸ ಸೇರಿಸಿದರೆ ಆಯಿತು.

ಆಡಿಟ್ ಸ್ಕ್ಯಾನರ್‌ಗಳು ವರ್ಷನ್ ಸಂಖ್ಯೆ ನೋಡಿ ‘ಓಪನ್‌ಎಸ್‌ಎಸ್‌ಎಚ್ ಹಳತು, ಅಪಾಯ’ ಎಂದು ಕೆಂಪು ಗುರುತು ಹಾಕುವುದು ಮಾಮೂಲು. ಡೆಬಿಯನ್, ಉಬುಂಟು, ಆಲ್ಮಾ ಮೂರೂ ಹಳೆಯ ವರ್ಷನ್‌ಗೇ ಪ್ಯಾಚ್ ಹೊಲಿಯುತ್ತವೆ, ಸಂಖ್ಯೆ ಬದಲಾಗುವುದಿಲ್ಲ. ಸೋರ್ಸ್‌ನಿಂದ ಹೊಸದನ್ನು ಕಂಪೈಲ್ ಮಾಡಿ ಹಾಕಿ ಆಡಿಟ್‌ನವರನ್ನು ಸಮಾಧಾನ ಮಾಡಲು ಹೋಗಬೇಡಿ. ಮುಂದಿನ ಪ್ಯಾಚ್ ನಿಮಗೆ ತಾನಾಗಿ ಬರುವುದಿಲ್ಲ. ‘ಆಪ್ಟ್ ಚೇಂಜ್‌ಲಾಗ್’ ಅಥವಾ ‘ಆರ್‌ಪಿಎಂ -ಕ್ಯು --ಚೇಂಜ್‌ಲಾಗ್’ನಲ್ಲಿ ಆ ದೋಷದ ಸಿವಿಇ ಸಂಖ್ಯೆ ಇರುವ ಸಾಲನ್ನು ತೋರಿಸಿದರೆ ಸಾಕು.

ಎರಡು ಕುಟುಂಬ ಒಟ್ಟಿಗೆ ನೋಡಿಕೊಳ್ಳುವಾಗ

ಹಲವು ಯಂತ್ರಗಳನ್ನು ಒಟ್ಟಿಗೆ ಹೊಂದಿಸುವ ಆನ್ಸಿಬಲ್ ಇದ್ದರೆ ಅರ್ಧ ಭಾರ ಇಳಿಯುತ್ತದೆ. ಆದರೆ ಬಿಎಸ್‌ಡಿಗಳಲ್ಲಿ ಪೈಥಾನ್ ಮೊದಲೇ ಇರುವುದಿಲ್ಲ. ‘ರಾ’ ಮಾಡ್ಯೂಲ್‌ನಿಂದ ಮೊದಲು ಪೈಥಾನ್ ಹಾಕಿಸಬೇಕು. ಓಪನ್‌ಬಿಎಸ್‌ಡಿಯಲ್ಲಿ ಸುಡೊ ಬದಲು ಡೂಆ್ಯಸ್. ಅಡ್ಮಿನ್ ಗುಂಪಿನ ಹೆಸರು ಡೆಬಿಯನ್, ಉಬುಂಟುವಿನಲ್ಲಿ ‘ಸುಡೊ’, ಉಳಿದೆಡೆ ‘ವೀಲ್’. ಅಪಾಚೆ ಸರ್ವಿಸ್‌ನ ಹೆಸರು ಡೆಬಿಯನ್‌ನಲ್ಲಿ ‘ಅಪಾಚೆ2’, ಆಲ್ಮಾದಲ್ಲಿ ‘ಎಚ್‌ಟಿಟಿಪಿಡಿ’, ಫ್ರೀಬಿಎಸ್‌ಡಿಯಲ್ಲಿ ‘ಅಪಾಚೆ24’. ಫ್ರೀಬಿಎಸ್‌ಡಿಯಲ್ಲಿ ಪ್ಯಾಕೇಜ್‌ಗಳ ಕಾನ್ಫಿಗ್ ಎಲ್ಲ ‘ಯುಎಸ್‌ಆರ್-ಲೋಕಲ್-ಇಟಿಸಿ’ ಅಡಿಯಲ್ಲಿ. ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲಿ ಬ್ಯಾಶ್‌ನ ನೇರ ದಾರಿ ಬರೆಯದೆ ‘ಎನ್ವ್’ ಮೂಲಕ ಕರೆಯಿರಿ, ಬಿಎಸ್‌ಡಿಯಲ್ಲಿ ಬ್ಯಾಶ್ ಬೇರೆ ಜಾಗದಲ್ಲಿರುತ್ತದೆ. ‘ಸೆಡ್ -ಐ’ ಫ್ರೀಬಿಎಸ್‌ಡಿಯಲ್ಲಿ ಒಂದು ಖಾಲಿ ಉದ್ಧರಣ ಕೇಳುತ್ತದೆ, ಲಿನಕ್ಸ್‌ನಲ್ಲಿ ಕೇಳುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟ್‌ಗಳು ಮುರಿಯುವುದು ಹೆಚ್ಚಾಗಿ ಇಲ್ಲೇ.

ಸೆಂಟ್‌ಓಎಸ್ 7 ಇನ್ನೂ ಓಡುತ್ತಿರುವ ಕಡೆ

ರೆಡ್ ಹ್ಯಾಟ್ ಕುಟುಂಬದ ಈ ಹಳೆಯ ಓಎಸ್‌ಗೆ 2024ರ ಜೂನ್ 30ಕ್ಕೆ ಪ್ಯಾಚ್ ನಿಂತಿದೆ. ಕಚೇರಿಯ ಮೂಲೆಯಲ್ಲಿ ಇಂಥದ್ದೊಂದು ಇದ್ದರೆ ಮೊದಲು ಸರದಿ ಅದರದು. ಎಲಿವೇಟ್ 7ರಿಂದ 8ಕ್ಕೆ, ಅಲ್ಲಿಂದ 9ಕ್ಕೆ ಎರಡು ಜಿಗಿತ ಮಾಡಿಸುತ್ತದೆ. ವೆಂಡರ್ ಸಾಫ್ಟ್‌ವೇರನ್ನು ಮತ್ತೆ ಇನ್‌ಸ್ಟಾಲ್ ಮಾಡಲು ಲೈಸೆನ್ಸ್ ಅಡ್ಡಿಯಿದ್ದರೆ ಮಾತ್ರ ಆ ದಾರಿ. ಉಳಿದವರಿಗೆ ಹೊಸ ಯಂತ್ರದಲ್ಲಿ ಆಲ್ಮಾ 9 ಅಥವಾ ಡೆಬಿಯನ್ 13 ಹಾಕಿ ಸಾಗಿಸುವುದೇ ಕಡಿಮೆ ತೊಂದರೆ. ಸಾಗಿಸುವ ದಿನದ ಒಂದು ವಾರ ಮುಂಚೆ ಡಿಎನ್‌ಎಸ್‌ನ ಟಿಟಿಎಲ್ಲನ್ನು (ಇತರರು ಹಳೆಯ ವಿಳಾಸ ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್‌ಗೆ ಇಳಿಸಿ. ಕ್ರಾನ್ ಪಟ್ಟಿಗಳನ್ನು ರೂಟ್‌ನದು ಮಾತ್ರವಲ್ಲ, ಪ್ರತಿ ಬಳಕೆದಾರರದನ್ನೂ ಬರೆದುಕೊಳ್ಳಿ. ಡೇಟಾಬೇಸ್ ಡಂಪ್ ಹೊಸದರಲ್ಲಿ ಹಾಕಿ, ಸಾಲುಗಳ ಎಣಿಕೆ ತಾಳೆ ನೋಡಿ, ಕನ್ನಡದ ಒಂದು ಹೆಸರನ್ನು ಹುಡುಕಿ ಸಿಗುತ್ತದೆಯೇ ನೋಡಿ. ಇಮೇಲ್ ಹೊರಹೋಗುತ್ತಿದ್ದರೆ ಹೊಸ ಐಪಿಯ ರಿವರ್ಸ್ ಡಿಎನ್‌ಎಸ್ ಮತ್ತು ಎಸ್‌ಪಿಎಫ್ ಮೊದಲೇ ತಿದ್ದಿಸಿ. ಬದಲಾಯಿಸಿದ ಮೇಲೆ ಹಳೆಯದರ ಸರ್ವಿಸ್‌ಗಳನ್ನು ನಿಲ್ಲಿಸಿ, ಯಂತ್ರವನ್ನು ಮಾತ್ರ ನೆಟ್‌ನಿಂದ ಬೇರ್ಪಡಿಸಿ ಇಡಿ. ತಿಂಗಳ ಕೊನೆಗೆ ಮಾತ್ರ ಓಡುವ ಸಂಬಳದ ಪಟ್ಟಿ, ಜಿಎಸ್‌ಟಿ ವರದಿ ಒಂದು ಸುತ್ತು ಹೊಸದರಲ್ಲಿ ಸರಿಯಾಗಿ ಬಂದ ಮೇಲೆಯೇ ಹಳೆಯ ಡಿಸ್ಕ್ ಅಳಿಸಿ.